‘ಸೈನ್ಸ್ ಶಾಪ್’ಗೆ ಅಂಗಡಿ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಎರಡು ದಿನದಿಂದ ಒಂದೇ ಪದ ತಲೆ ತಿನ್ನುತ್ತಿದೆ. ಯುರೋಪಿನ ‘ಸೈನ್ಸ್ ಶಾಪ್’ಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಮೊದಲು ಸಲೀಸಾಗಿ ‘ವಿಜ್ಞಾನದ ಅಂಗಡಿ’ ಅಂತ ಬರೆದುಬಿಟ್ಟೆ. ಕರಡು ಓದಿದ ನಮ್ಮ ಮಾವ ಕನ್ನಡಕ ತೆಗೆದು ಕೇಳಿದರು: “ಏನೇನು ಸಿಗುತ್ತೆ ಅಲ್ಲಿ? ಗಾಜಿನ ನಳಿಗೆಯಾ?” ಅವರು ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಕೇಳಿದ್ದು ನ್ಯಾಯವೇ.

ಅಲ್ಲಿ ಮಾರುವಂಥದ್ದು ಏನೂ ಇರುವುದಿಲ್ಲ. ಇದು 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು. ಒಂದು ಊರಿನವರಿಗೋ ಸಂಘಕ್ಕೋ ಏನೋ ತೊಂದರೆ ಇರುತ್ತದೆ, ಸಂಶೋಧನೆ ಮಾಡಿಸಲು ಕಾಸಿರುವುದಿಲ್ಲ. ಪ್ರಶ್ನೆ ಹೊತ್ತುಕೊಂಡು ಬರುತ್ತಾರೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು ಅವರ ಜೊತೆ ಸೇರಿ ಉತ್ತರ ಹುಡುಕುತ್ತಾರೆ. ಹೆಚ್ಚಾಗಿ ದುಡ್ಡು ಕೇಳುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ರೇಡೆ ಅನ್ನುವ ಊರಿನ ಕತೆ. ಜರ್ಮನಿಯ ಗಡಿಯಂಚಿನಲ್ಲಿ 17 ಗಾಳಿಯಂತ್ರ ನಿಲ್ಲಿಸಿದರು. ಪಕ್ಕದ ಡಚ್ ಹಳ್ಳಿಗಳವರಿಗೆ ರಾತ್ರಿ ಸದ್ದಿನ ಕಾಟ. ಕಾಗದದ ಲೆಕ್ಕ ನೋಡಿದರೆ ಅಷ್ಟು ಸದ್ದು ಬರಲೇಬಾರದು! ಖ್ರೋನಿಂಗನ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ‘ಅಂಗಡಿ’ಯವರು ರಾತ್ರಿ ಹೊತ್ತು ಅಳತೆ ಮಾಡಿದರು. ಕಾಗದದ ಆ ಲೆಕ್ಕ ಹಾಕಿದ್ದು ನೆಲದಿಂದ 10 ಮೀಟರ್ ಎತ್ತರದ ಗಾಳಿ ಹಿಡಿದು. ಕತ್ತಲಾದ ಮೇಲೆ ಕೆಳಗೆ ಎಲೆ ಅಲ್ಲಾಡದಿದ್ದರೂ ಸುಮಾರು 100 ಮೀಟರ್ ಮೇಲೆ ರೆಕ್ಕೆಗಳಿಗೆ ಜೋರು ಗಾಳಿ ಸಿಗುತ್ತಲೇ ಇರುತ್ತದೆ. ದೂರು ಸುಳ್ಳಲ್ಲ ಅಂತಾಯಿತು. 2004ರಲ್ಲಿ ಅದು ಸಂಶೋಧನಾ ಪತ್ರಿಕೆಯಲ್ಲೂ ಬಂತು. ಪರಿಸರಕ್ಕೆ ಒಳ್ಳೆಯದು ಅಂತ ಮಾಡಿದ ಕೆಲಸಕ್ಕೂ ಪಕ್ಕದ ಮನೆಯವರ ಕಿವಿ ಬೇಕಾಯಿತು, ಅಲ್ವಾ?

ಡಚ್ಚರು ಇದಕ್ಕೆ ‘ವಿಂಕೆಲ್’ ಅಂದರು, ಜರ್ಮನ್ನರು ‘ಲಾಡನ್’, ಫ್ರೆಂಚರು ‘ಬುಟೀಕ್’. ಎಲ್ಲವೂ ಅಂಗಡಿಯೇ. (ಬೊಟೀಕ್ ಅಂದರೆ ನಮ್ಮಲ್ಲಿ ಬ್ಲೌಸ್ ಹೊಲಿಸುವ ಜಾಗ!) ಮುಂದೆ ಐರೋಪ್ಯ ಒಕ್ಕೂಟದ ಹಣದಲ್ಲಿ ಹಲವು ದೇಶಗಳು ಸೇರಿ ಇದನ್ನೇ ಬೆಳೆಸಿದವು. 2010ರಿಂದ 2014ರವರೆಗೆ ‘ಪೆರಾರೆಸ್’ ಅನ್ನುವ ಯೋಜನೆ, ಆಮೇಲೆ 2017ರಲ್ಲಿ ‘ಸೈಶಾಪ್ಸ್’. ಪೆರಾರೆಸ್‌ನ ಪೂರ್ತಿ ಹೆಸರು ಶುರುವಾಗುವುದೇ ‘ಪಬ್ಲಿಕ್ ಎಂಗೇಜ್‌ಮೆಂಟ್’ ಅಂತ. ಎಂಗೇಜ್‌ಮೆಂಟ್ ಅಂದರೆ ನಮಗೆ ಉಂಗುರ, ಹಾರ, ಫೋಟೊ. ಅಲ್ಲಿ ನಾನು ‘ಜನರ ಪಾಲುಗೊಳ್ಳುವಿಕೆ’ ಅಂತ ಹಾಕಿ ಬಚಾವಾದೆ.

‘ಶಾಪ್’ ಮಾತ್ರ ಬಗ್ಗುತ್ತಿಲ್ಲ. ‘ವಿಜ್ಞಾನ ಕೇಂದ್ರ’ ಅನ್ನೋಣವೆಂದರೆ ಆ ಹೆಸರು ಪಿಲಿಕುಳದಂಥ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವ ಜಾಗಕ್ಕೆ ಅಂಟಿಕೊಂಡಿದೆ. ‘ಕಟ್ಟೆ’ ಅಂದರೆ ಹರಟೆಯ ನೆನಪು. ‘ಅರವಟ್ಟಿಗೆ’ ಚೆಂದದ ಪದ, ಪುಕ್ಕಟೆ ಅನ್ನುವುದೂ ಅದರಲ್ಲೇ ಇದೆ. ಆದರೆ ಅಲ್ಲಿ ನೀರು ಮೊದಲೇ ತುಂಬಿಟ್ಟಿರುತ್ತದೆ, ದಾರಿಹೋಕ ಕುಡಿದು ನಡೆಯುತ್ತಾನೆ. ಇಲ್ಲಿ ಹಾಗಲ್ಲ.

ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಅವರು ಒಂದು ಗಳಿಗೆ ಸುಮ್ನಿದ್ದು, “ಹಂಗಾದ್ರೆ ಅದು ಅಂಗಡಿ ಅಲ್ಲ, ಹಿಟ್ಟಿನ ಗಿರಣಿ. ಜೋಳ ನಮ್ದು, ಬೀಸೋದು ಅವರು” ಅಂದರು.

ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ಪ್ರಶ್ನೆ ಯಾರದು ಅನ್ನುವುದು ಅದರಲ್ಲಿ ನಿಚ್ಚಳವಾಗಿದೆ. ಆದರೆ ‘ವಿಜ್ಞಾನದ ಗಿರಣಿ’ ಅಂದರೆ ಮೈಸೂರು ಕಡೆಯವರಿಗೆ ಅಕ್ಕಿ ಗಿರಣಿಯೋ ಬಟ್ಟೆ ಗಿರಣಿಯೋ ಕಣ್ಣಿಗೆ ಬರುತ್ತದೇನೋ. ಹಿಟ್ಟು ಮಾಡಿಸುವ ಜಾಗಕ್ಕೆ ಅಲ್ಲಿ ‘ಮಿಲ್ಲು’ ಅನ್ನುವುದೇ ರೂಢಿ. ಜೊತೆಗೆ ಊರವರು ಬರೀ ಜೋಳ ಕೊಟ್ಟು ಕಾಯುವವರಲ್ಲ, ಬೀಸಲೂ ಕೈಹಾಕುತ್ತಾರೆ. ಅದು ಪದದಲ್ಲಿ ಬರುತ್ತಿಲ್ಲ.

ನಿಮ್ಮ ಕಡೆ ‘ಗಿರಣಿ’ ಅಂದರೆ ಮೊದಲು ಏನು ನೆನಪಾಗುತ್ತದೆ, ತಿಳಿಸಿ. ‘ನ್ಯಾಯಬೆಲೆ ಅಂಗಡಿ’ ಇಲ್ಲವೇ, ಲಾಭಕ್ಕಲ್ಲದ ಅಂಗಡಿಯೂ ನಮಗೆ ಗೊತ್ತು, ‘ಅಂಗಡಿ’ಯನ್ನೇ ಉಳಿಸಿಕೊಳ್ಳಿ ಅನ್ನುವವರಿದ್ದರೆ ಅದನ್ನೂ ಬರೆಯಿರಿ. ಕರಡು ಸೋಮವಾರ ಕಳಿಸಬೇಕು.