ಲಾ ಸ್ಕೂಲ್‌ಗೆ ಮೊದಲು ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಓದಬೇಕು? ಅಮೆರಿಕದಲ್ಲಿರುವ ವಕೀಲೆಯೊಬ್ಬರ ಉತ್ತರಗಳು

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಅಮೆರಿಕಕ್ಕೆ ಬಂದು ನೆಲೆಸಿದವರು. ಇಲ್ಲಿನ ಕಾಲೇಜು ಪದ್ಧತಿ ನಮಗಿನ್ನೂ ಹೊಸದು. ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ, ಲಾಯರ್ ಆಗಲೇಬೇಕು ಅನ್ನುತ್ತಾಳೆ. ಅವಳಿಗೆ ಇತಿಹಾಸ ಅಂದರೆ ಪ್ರಾಣ. ಅವರಪ್ಪ ಮಾತ್ರ ಪೊಲಿಟಿಕಲ್ ಸೈನ್ಸ್ ಇಲ್ಲವೇ ಪ್ರಿ-ಲಾ ತೆಗೆದುಕೊಳ್ಳಲಿ ಅನ್ನುತ್ತಾರೆ. ಇತಿಹಾಸ ಓದಿದರೆ ಮುಂದೆ ಸೀಟು ಸಿಗುವುದು ಕಷ್ಟವಾ?

ಉತ್ತರ: ಕಷ್ಟ ಇಲ್ಲ. ಅವಳು ಇತಿಹಾಸವನ್ನೇ ಓದಲಿ.

ಭಾರತದಲ್ಲಿ ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಕಾನೂನು ಕೋರ್ಸ್ ಸೇರಬಹುದು. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಲಾ ಸ್ಕೂಲ್‌ನಲ್ಲಿ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಡಿಗ್ರಿ. ಆ ಮೊದಲ ಡಿಗ್ರಿ ಇಂಥದ್ದರಲ್ಲೇ ಇರಬೇಕು ಎಂಬ ನಿಯಮ ಇಲ್ಲ. ಲಾ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಕೂಡ ಯಾವ ಮೇಜರನ್ನೂ ಶಿಫಾರಸು ಮಾಡುವುದಿಲ್ಲ. ಪ್ರಿ-ಲಾ ಅನ್ನುವುದು ಹೆಚ್ಚಿನ ಕಡೆ ಮೇಜರೇ ಅಲ್ಲ, ಸಲಹೆ ಕೊಡುವ ಒಂದು ವ್ಯವಸ್ಥೆ. ಆ ಸಲಹೆಗಾರರನ್ನು ಮೊದಲ ವರ್ಷವೇ ಹೋಗಿ ಕಾಣಲಿ, ಅದರಿಂದ ನಿಜಕ್ಕೂ ಉಪಯೋಗವಿದೆ.

ಅವರಪ್ಪನಿಗೆ ಇದನ್ನೂ ಹೇಳಿ. ಇಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಲ್ಲಿ ರಾಬರ್ಟ್ಸ್, ಸೋಟೊಮೇಯರ್, ಕೇಗನ್, ಕ್ಯಾವನಾ ನಾಲ್ವರೂ ಡಿಗ್ರಿಯಲ್ಲಿ ಇತಿಹಾಸ ಓದಿದವರು. ಥಾಮಸ್ ಮತ್ತು ಬ್ಯಾರೆಟ್ ಇಂಗ್ಲಿಷ್ ಸಾಹಿತ್ಯ ಓದಿದವರು. ಇತಿಹಾಸದ ವಿದ್ಯಾರ್ಥಿ ಹಳೆಯ ದಾಖಲೆ ಹಿಡಿದು, ಇದನ್ನು ಬರೆದವರು ಯಾರು, ಯಾಕೆ ಬರೆದರು, ಇದನ್ನು ಎಷ್ಟು ನಂಬಬಹುದು ಎಂದು ಕೇಳುತ್ತಾಳೆ. ಕೇಸ್ ಫೈಲ್ ಮುಂದೆ ಕೂತಾಗ ನಾವು ಕೇಳುವುದೂ ಅದನ್ನೇ.

ಲಾ ಸ್ಕೂಲ್‌ಗಳು ಮೇಜರ್‌ಗಿಂತ ಜಾಸ್ತಿ ನೋಡುವುದು ಜಿಪಿಎ (ಕಾಲೇಜಿನ ಗ್ರೇಡುಗಳ ಸರಾಸರಿ, ಸಾಮಾನ್ಯವಾಗಿ 4ಕ್ಕೆ ಲೆಕ್ಕ) ಮತ್ತು ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ. ಎಲ್‌ಸ್ಯಾಟ್ 120ರಿಂದ 180ರವರೆಗೆ ಇರುತ್ತದೆ. 2024ರ ಆಗಸ್ಟ್‌ನಿಂದ ಅದರಲ್ಲಿ ಲಾಜಿಕ್ ಗೇಮ್ಸ್ ಎಂಬ ಒಗಟಿನಂಥ ಭಾಗ ಇಲ್ಲ. ಈಗ ಅಂಕ ಬರುವುದು ತರ್ಕದ ಎರಡು ಭಾಗ ಮತ್ತು ಓದಿ ಅರ್ಥಮಾಡಿಕೊಳ್ಳುವ ಒಂದು ಭಾಗದಿಂದ. ಕಷ್ಟದ ಗದ್ಯವನ್ನು ದಿನವೂ ಓದುವವರಿಗೆ ಇದು ಅನುಕೂಲ.

ಜಿಪಿಎ ವಿಷಯ ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಹೆಚ್ಚಿನ ಪೋಷಕರಿಗೆ ಇದು ಗೊತ್ತೇ ಇರುವುದಿಲ್ಲ. ಕಾಲೇಜು ಕೊಟ್ಟ ಜಿಪಿಎ ಬೇರೆ, ಲಾ ಸ್ಕೂಲ್‌ಗೆ ಹೋಗುವ ಜಿಪಿಎ ಬೇರೆ. ಎಲ್‌ಸ್ಯಾಟ್ ನಡೆಸುವ ಎಲ್‌ಸ್ಯಾಕ್ ಎಂಬ ಸಂಸ್ಥೆ ಎಲ್ಲ ಅಂಕಪಟ್ಟಿ ತರಿಸಿಕೊಂಡು ತನ್ನದೇ ರೀತಿಯಲ್ಲಿ ಮತ್ತೆ ಲೆಕ್ಕ ಹಾಕುತ್ತದೆ. ಹೈಸ್ಕೂಲಿನಲ್ಲಿದ್ದಾಗ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಓದಿದ ಕಾಲೇಜು ಕೋರ್ಸ್, ಬೇಸಿಗೆ ರಜೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ್ದು, ಎಲ್ಲವೂ ಅದರಲ್ಲಿ ಸೇರುತ್ತದೆ. ಫೇಲಾದ ಕೋರ್ಸನ್ನು ಮತ್ತೆ ಓದಿ ಎ ತೆಗೆದರೆ ನಿಮ್ಮ ಕಾಲೇಜು ಹಳೆಯ ಗ್ರೇಡನ್ನು ಲೆಕ್ಕದಿಂದ ಬಿಡಬಹುದು. ಆದರೆ ಅಂಕಪಟ್ಟಿಯಲ್ಲಿ ಅದು ಕಾಣುತ್ತಿದ್ದರೆ ಎಲ್‌ಸ್ಯಾಕ್ ಎರಡನ್ನೂ ಸೇರಿಸುತ್ತದೆ. ಎ ಪ್ಲಸ್‌ಗೆ 4.33 ಸಿಗುತ್ತದೆ. ಮೊದಲ ಡಿಗ್ರಿ ಮುಗಿದ ಮೇಲೆ ತೆಗೆದ ಗ್ರೇಡುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಎಂ.ಎ. ಮಾಡಿ ಜಿಪಿಎ ಸರಿಮಾಡಿಕೊಳ್ಳಲು ಆಗುವುದಿಲ್ಲ. ಮಗಳು ಈಗಲೇ ಡ್ಯುಯಲ್ ಎನ್‌ರೋಲ್‌ಮೆಂಟ್ ಮಾಡುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಷ್ಟವಿಲ್ಲದ ಮೇಜರ್ ಹಿಡಿದು ಬಿ, ಸಿ ತೆಗೆಯುವುದಕ್ಕಿಂತ ಇಷ್ಟದ್ದನ್ನು ಓದಿ ಎ ತೆಗೆಯುವುದು ಎಷ್ಟೋ ಮೇಲು.

ಪ್ರಶ್ನೆ: ಅಕ್ಕಾ, ನಾನು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಈಗ ಕಾನೂನಿನ ಕಡೆ ಮನಸ್ಸಾಗಿದೆ. ಜಿಪಿಎ 3.3 ಇದೆ. ಸುಲಭದ ಮೇಜರ್‌ಗೆ ಹೋಗಿಬಿಡಲಾ?

ಉತ್ತರ: ಅವಸರ ಬೇಡಪ್ಪ. ಮೇಜರ್ ಮುಖ್ಯವಲ್ಲ ಎಂದೆನಲ್ಲ, ಅದಕ್ಕೊಂದು ದೊಡ್ಡ ಅಪವಾದ ಪೇಟೆಂಟ್ ಕೆಲಸ. ಪೇಟೆಂಟ್ ಕಚೇರಿಯ ಮುಂದೆ ಕಕ್ಷಿದಾರರ ಪರವಾಗಿ ಅರ್ಜಿ ನಡೆಸಲು ಬೇರೆಯೇ ಒಂದು ಪರೀಕ್ಷೆ ಇದೆ. ಅದಕ್ಕೆ ಕೂರಲು ವಿಜ್ಞಾನ ಅಥವಾ ತಾಂತ್ರಿಕ ಓದು ಬೇಕು. ಕಂಪ್ಯೂಟರ್ ಸೈನ್ಸ್ ಡಿಗ್ರಿ ಅದಕ್ಕೆ ನೇರವಾಗಿ ನಡೆಯುತ್ತದೆ. ಲಾ ಸ್ಕೂಲ್ ಮುಗಿಸದೆಯೂ ಆ ಪರೀಕ್ಷೆ ಬರೆದು ಪೇಟೆಂಟ್ ಏಜೆಂಟ್ ಆಗಬಹುದು. ಕೋರ್ಟಿನಲ್ಲಿ ಪೇಟೆಂಟ್ ವ್ಯಾಜ್ಯ ನಡೆಸಲು, ಟ್ರೇಡ್‌ಮಾರ್ಕ್ ಕೆಲಸ ಮಾಡಲು ಆ ಪರೀಕ್ಷೆ ಬೇಕಿಲ್ಲ. ನಿನಗೆ ತಂತ್ರಜ್ಞಾನದ ಮೇಲೆ ಇನ್ನೂ ಆಸೆ ಇದ್ದರೆ ಈ ಡಿಗ್ರಿ ಬಿಡಬೇಡ.

ಆದರೆ ಜಿಪಿಎ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಲಾ ಸ್ಕೂಲ್‌ಗಳು ಪ್ರತಿ ವರ್ಷ ಹೊಸ ತಂಡದ ಮೀಡಿಯನ್ (ಸಾಲಿನಲ್ಲಿ ನಟ್ಟನಡುವೆ ಬರುವ) ಜಿಪಿಎ, ಮೀಡಿಯನ್ ಎಲ್‌ಸ್ಯಾಟ್ ಪ್ರಕಟಿಸಲೇಬೇಕು. ಆ ಪಟ್ಟಿಯಲ್ಲಿ ನಿನ್ನ 3.3 ಬರೀ 3.3 ಆಗಿಯೇ ಇರುತ್ತದೆ, ಕಂಪ್ಯೂಟರ್ ಸೈನ್ಸ್ ಕಷ್ಟ ಎಂಬ ಟಿಪ್ಪಣಿ ಜೊತೆಗಿರುವುದಿಲ್ಲ. ಹಾಗಾಗಿ ಎಲ್‌ಸ್ಯಾಟ್‌ಗೆ ಚೆನ್ನಾಗಿ ತಯಾರಾಗು. ಪ್ರತಿ ಸೆಮಿಸ್ಟರ್ ಬರವಣಿಗೆ ಜಾಸ್ತಿ ಇರುವ ಒಂದು ಸಣ್ಣ ಕ್ಲಾಸ್ ತೆಗೆದುಕೋ. ಮುಂದೆ ಶಿಫಾರಸು ಪತ್ರ ಬರೆಯಲು ನಿನ್ನ ಹೆಸರು, ನಿನ್ನ ವಾದ ಎರಡೂ ಗೊತ್ತಿರುವ ಪ್ರೊಫೆಸರ್ ಬೇಕು. ಇನ್ನೂರು ಜನರ ಕ್ಲಾಸಿನಲ್ಲಿ ಅದು ಆಗದ ಮಾತು.

ಪ್ರಶ್ನೆ (ಮೊದಲು ಕೇಳಿದವರೇ): ತುಂಬಾ ಧನ್ಯವಾದ ಮೇಡಂ. ಅವರಪ್ಪ ಇನ್ನೊಂದು ಕೇಳುತ್ತಿದ್ದಾರೆ. ನಾಲ್ಕು ವರ್ಷ ಆದಮೇಲೆ ಲಾಯರ್ ಆಗುವುದೇ ಬೇಡ ಅಂದರೆ?

ಉತ್ತರ: ಅವರ ಚಿಂತೆ ಸರಿಯಾದದ್ದೇ. ಹದಿನೇಳರ ವಯಸ್ಸಿನ ಆಸೆ ಬದಲಾಗಬಹುದು ಅಲ್ವಾ? ಇತಿಹಾಸದ ಜೊತೆಗೆ ಅರ್ಥಶಾಸ್ತ್ರ, ಅಂಕಿಅಂಶ ಅಥವಾ ಅಕೌಂಟಿಂಗ್‌ನಲ್ಲಿ ಮೈನರ್ (ಮೇಜರ್ ಜೊತೆಗೆ ಓದುವ ಚಿಕ್ಕ ವಿಷಯ) ಮಾಡಲಿ. ಬೇರೆ ಕೆಲಸಕ್ಕೂ ಆಗುತ್ತದೆ, ಮುಂದೆ ತೆರಿಗೆ ಅಥವಾ ಕಂಪನಿ ಕಾನೂನಿಗೆ ಹೋದರೆ ಅಲ್ಲೂ ಉಪಯೋಗ. ಇಲ್ಲಿನ ಕೋರ್ಟುಗಳಲ್ಲಿ ಹೆಚ್ಚಿನ ವಿಚಾರಣೆಗಳನ್ನು ಯಾರು ಬೇಕಾದರೂ ಕೂತು ನೋಡಬಹುದು. ಈ ಬೇಸಿಗೆಯಲ್ಲೇ ಅವಳನ್ನು ಒಮ್ಮೆ ಕಳಿಸಿ. ವಕೀಲರ ದಿನ ಹೇಗಿರುತ್ತದೆ ಎಂದು ಕಣ್ಣಾರೆ ನೋಡಲಿ.

ಹಣದ ಮಾತೂ ಇದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಇಲ್ಲ. ಲಾ ಸ್ಕೂಲ್‌ಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಾತ್ರ. ದುಬಾರಿ ಲಾ ಸ್ಕೂಲ್‌ಗಳಲ್ಲಿ ಇದು ಸಾಲುವುದಿಲ್ಲ. ಆದ್ದರಿಂದ ಮೊದಲ ಡಿಗ್ರಿಗೆ ಆದಷ್ಟು ಕಡಿಮೆ ಸಾಲ ಮಾಡಿ. ಎರಡು ಕಾಲೇಜುಗಳ ನಡುವೆ ಆಯ್ಕೆ ಬಂದರೆ, ಖರ್ಚು ಕಡಿಮೆ ಇದ್ದು ಇತಿಹಾಸ ವಿಭಾಗದಲ್ಲಿ ದೊಡ್ಡ ಸಂಶೋಧನಾ ಪ್ರಬಂಧ ಬರೆಸುವ ಕಾಲೇಜನ್ನೇ ಆರಿಸಿ.