ಪದಚರ್ಚೆ: ಎಂಜಿನಿಯರಿಂಗ್ ಕಾಲೇಜಿನ 'ಮಾನ್ಯತೆ' ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ,

ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಕಾಯುತ್ತಿರುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕಾಲೇಜು ಆರಿಸುವ ಮುಂಚೆ ಏನೇನು ವಿಚಾರಿಸಬೇಕು ಅನ್ನುವುದು ವಿಷಯ. 'ಮಾನ್ಯತೆ' ಅನ್ನುವ ಪದದ ಹತ್ತಿರ ಬಂದು ಬರಹ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಪತ್ರಿಕೆಗಳಲ್ಲಿ, ಕಾಲೇಜುಗಳ ಜಾಹೀರಾತಿನಲ್ಲಿ 'ಎಐಸಿಟಿಇ ಮಾನ್ಯತೆ', 'ವಿಟಿಯು ಮಾನ್ಯತೆ', 'ಎನ್‌ಬಿಎ ಮಾನ್ಯತೆ' ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. (ಎಐಸಿಟಿಇ ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ವಿಟಿಯು ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಎನ್‌ಬಿಎ ಅಂದರೆ ರಾಷ್ಟ್ರೀಯ ಅಕ್ರೆಡಿಟೇಶನ್ ಮಂಡಳಿ.) ಓದಿದವರಿಗೆ ಮೂರೂ ಒಂದೇ ಥರದ ಸರ್ಟಿಫಿಕೇಟ್ ಅನ್ನಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ಇವಕ್ಕೆ ಕ್ರಮವಾಗಿ ಅಪ್ರೂವಲ್, ಅಫಿಲಿಯೇಶನ್, ಅಕ್ರೆಡಿಟೇಶನ್ ಅಂತ ಬೇರೆ ಬೇರೆ ಹೆಸರು. ಕೆಲಸವೂ ಬೇರೆ ಬೇರೆ.

ಎಐಸಿಟಿಇ 1945ರಲ್ಲಿ ಬರೀ ಸಲಹೆ ಕೊಡುವ ಮಂಡಳಿಯಾಗಿ ಶುರುವಾಯಿತು. ಅದಕ್ಕೆ ಅಧಿಕಾರ ಬಂದದ್ದು 1987ರ ಕಾಯ್ದೆಯಿಂದ. ಕಾಲೇಜು ತೆರೆಯಲು, ಸೀಟು ಹೆಚ್ಚಿಸಲು ಅದರ ಒಪ್ಪಿಗೆ ಬೇಕು. ಕಟ್ಟಡ ಇದೆಯಾ, ಲ್ಯಾಬ್ ಇದೆಯಾ, 20 ಮಕ್ಕಳಿಗೆ ಒಬ್ಬರಂತೆ ಮೇಷ್ಟ್ರು ಇದ್ದಾರಾ ಅನ್ನುವಂಥ ಕನಿಷ್ಠ ಲೆಕ್ಕ ಅದು. ಇದಕ್ಕೆ 'ಅನುಮೋದನೆ' ಸರಿಹೋಗುತ್ತದೆ.

ವಿಟಿಯು ಕೊಡುವುದು 'ಸಂಯೋಜನೆ'. ಸಿಲಬಸ್ಸು, ಪರೀಕ್ಷೆ, ಪದವಿ ಎಲ್ಲ ಆ ಕೊಂಡಿಯಿಂದಲೇ. ಅದಕ್ಕೆ ಮುಂಚೆ ಸ್ಥಳೀಯ ವಿಚಾರಣಾ ಸಮಿತಿ, ಅಂದರೆ ಕಾಲೇಜಿನವರ ಬಾಯಲ್ಲಿ 'ಎಲ್‌ಐಸಿ', ಬಂದು ನೋಡಿಕೊಂಡು ಹೋಗುತ್ತದೆ. ಈ ಪದ ಆಗಲೇ ಬಳಕೆಯಲ್ಲಿದೆ, ತೊಂದರೆ ಇಲ್ಲ.

ತೊಡಕು ಇರುವುದು ಅಕ್ರೆಡಿಟೇಶನ್‌ನಲ್ಲಿ. ಎನ್‌ಬಿಎ 1994ರಲ್ಲಿ ಎಐಸಿಟಿಇ ಕೆಳಗೆ ಹುಟ್ಟಿ, 2010ರಲ್ಲಿ ಸ್ವಾಯತ್ತವಾಯಿತು. ಇಲ್ಲಿ ಕಾಲೇಜು ತಾನಾಗಿ ಅರ್ಜಿ ಹಾಕುತ್ತದೆ. ಅದೂ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ. ಮೆಕ್ಯಾನಿಕಲ್‌ಗೆ ಇರಬಹುದು, ಪಕ್ಕದ ಸಿವಿಲ್‌ಗೆ ಇಲ್ಲದಿರಬಹುದು. ತಂಡದವರು ಬಂದರೆ ಬರೀ ಕಟ್ಟಡ ನೋಡಿ ಹೋಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ತಿದ್ದಿದ ಉತ್ತರಪತ್ರಿಕೆ, ಪ್ರಾಜೆಕ್ಟ್ ವರದಿ ತೆಗೆಸಿ ನೋಡುತ್ತಾರೆ. ಮಕ್ಕಳ ಜೊತೆ, ಓದಿ ಹೋದವರ ಜೊತೆ ಕೂತು ಮಾತಾಡುತ್ತಾರೆ. ಕಲಿಸಿದ್ದು ಮಕ್ಕಳಿಗೆ ದಕ್ಕಿದೆಯಾ ಅನ್ನುವುದೇ ಪ್ರಶ್ನೆ. ಒಪ್ಪಿಗೆಯಾದರೆ 3 ವರ್ಷ ಅಥವಾ 6 ವರ್ಷಕ್ಕೆ ಸಿಗುತ್ತದೆ.

ಈಗ ನನ್ನ ಆತಂಕ ಹೇಳುತ್ತೇನೆ. ನಮ್ಮ ಜನಕ್ಕೆ 'ಮಾನ್ಯತೆ' ಪದ ಗೊತ್ತಿರುವುದು ಶಾಲೆಗಳಿಂದ. 'ಮಾನ್ಯತೆ ಇಲ್ಲದ ಶಾಲೆ' ಅಂದರೆ ಅನಧಿಕೃತ ಶಾಲೆ, ಮಗುವನ್ನು ಸೇರಿಸಬೇಡಿ ಅಂತಲೇ ಅರ್ಥ. ಅದೇ ಅರ್ಥ ಮನಸ್ಸಿನಲ್ಲಿ ಇಟ್ಟುಕೊಂಡು 'ಈ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇಲ್ಲ' ಅನ್ನುವುದನ್ನು ಓದಿದರೆ ಪದವಿಯೇ ನಡೆಯಲ್ಲ ಅಂತ ಹೆದರುತ್ತಾರೆ. ನಿಜದಲ್ಲಿ ಎರಡು ಬ್ಯಾಚ್ ಓದಿ ಹೊರಬರದೆ ಅರ್ಜಿ ಹಾಕಲಿಕ್ಕೂ ಬರುವುದಿಲ್ಲ. ಹೊಸದಾಗಿ ಶುರುವಾದ ಎಐ ಬ್ರಾಂಚಿಗೆ ಇಲ್ಲದಿರುವುದು ಸಹಜವೇ. ಇನ್ನೊಂದು ಕಡೆ, ಬರೀ ಅನುಮೋದನೆ ಇರುವ ಕಾಲೇಜು 'ಎಐಸಿಟಿಇ ಮಾನ್ಯತೆ' ಅಂತ ದಪ್ಪಕ್ಷರದಲ್ಲಿ ಹಾಕಿದರೆ ಅದು ಗುಣಮಟ್ಟದ ಮುದ್ರೆಯಂತೆ ಕಾಣುತ್ತದೆ. ಇದು ಹೆಚ್ಚು ಕೆಟ್ಟದ್ದು. ಸಾಲ ಮಾಡಿ ಫೀಸು ಕಟ್ಟುವವರಿಗೆ ಈ ವ್ಯತ್ಯಾಸ ಕನ್ನಡದಲ್ಲೇ ಗೊತ್ತಾಗಬೇಕು, ಅಲ್ವಾ?

ಹೊರದೇಶಕ್ಕೆ ಹೋಗುವವರಿಗೂ ಇದು ಮುಖ್ಯ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್ ಅನ್ನುವ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯ ಆಯಿತು. ಆದರೆ ಅದರ ಲಾಭ ಎನ್‌ಬಿಎ ಟಿಯರ್-1 (ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳ ವರ್ಗ) ಅಂತ ಒಪ್ಪಿದ ಬ್ರಾಂಚ್‌ಗಳಿಗೆ ಮಾತ್ರ.

ಹಿಂದಿಯವರು ಅಕ್ರೆಡಿಟೇಶನ್‌ಗೆ 'ಪ್ರತ್ಯಾಯನ' ಅನ್ನುತ್ತಾರೆ. ಕನ್ನಡಕ್ಕೆ ತಂದರೆ ಯಾರಿಗೂ ತಿಳಿಯದು, ಸುಮ್ನೆ ಭಾರ. ನನಗೆ ಹೊಳೆದದ್ದು 'ಗುಣಮಾನ್ಯತೆ'. ಕೇಳಿದ ಕೂಡಲೇ ಗುಣಕ್ಕೆ ಸಂಬಂಧಿಸಿದ್ದು ಅಂತ ಗೊತ್ತಾಗುತ್ತದೆ. 'ಮಾನ್ಯತೆ'ಯೂ ಒಳಗೇ ಇರುವುದರಿಂದ ತೀರಾ ಹೊಸದೂ ಅಲ್ಲ. ಸ್ನೇಹಿತರೊಬ್ಬರು ಅಕ್ರೆಡಿಟೇಶನ್ ಅಂತಲೇ ಬಿಡಿ ಅಂದರು. ಕಾಲೇಜಿನ ಒಳಗಿರುವವರಿಗೆ ಅದು ನಡೆಯುತ್ತದೆ. ಹಳ್ಳಿಯ ಅಪ್ಪನಿಗೆ ನಡೆಯುವುದಿಲ್ಲ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. 1987ರ ಎಐಸಿಟಿಇ ಕಾಯ್ದೆಯಲ್ಲಿ ನಾರ್ಮ್ಸ್, ಸ್ಟ್ಯಾಂಡರ್ಡ್ಸ್ ಅಂತ ಎರಡು ಪದ ಜೋಡಿಯಾಗಿ ಬರುತ್ತವೆ. 'ಮಾನದಂಡ ಮತ್ತು ಗುಣಮಟ್ಟ' ಅಂತ ಬರೆದಿದ್ದೇನೆ. 'ಮಾನಕ' ಅಂದರೆ ಐಎಸ್‌ಐ ಗುರುತಿನ ನೆನಪು ಜಾಸ್ತಿ ಬರುತ್ತದೆ, ಅದಕ್ಕೇ ಬಿಟ್ಟೆ.

ಪಾಲಿಟೆಕ್ನಿಕ್‌ಗಳಲ್ಲಿ, ತಾಂತ್ರಿಕ ಶಿಕ್ಷಣ ಇಲಾಖೆಯ ಕನ್ನಡ ಸುತ್ತೋಲೆಗಳಲ್ಲಿ ಅಕ್ರೆಡಿಟೇಶನ್‌ಗೆ ಬೇರೆ ಪದ ಕಂಡವರು ಇದ್ದೀರಾ? ಹಳೆಯ ಆಡಳಿತ ಪದಕೋಶ ಕೈಯಲ್ಲಿದ್ದವರು ಒಮ್ಮೆ ತೆಗೆದು ನೋಡಿ, ಅಲ್ಲಿರುವ ಪದವನ್ನು ಹಾಗೇ ಬರೆದು ಕಳಿಸಿ. 'ಗುಣಮಾನ್ಯತೆ' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದನ್ನೂ ತಿಳಿಸಿ.