ತಂದೆಯವರ ಖಾತೆಯಿಂದ ಮಕ್ಕಳ ಚಿತ್ರಗಳನ್ನಷ್ಟೇ ತೆಗೆಸುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ತೀರಿಕೊಂಡ ನನ್ನ ತಂದೆಯವರು ಫೋಟೊ ಹಂಚಿಕೆಯ ಜಾಲತಾಣವೊಂದರಲ್ಲಿ ಬೆಂಗಳೂರಿನ ಅಪಾರ ಚಿತ್ರಗಳನ್ನು ಹಾಕಿದ್ದರು. ಬಸವನಗುಡಿಯ ಕಡಲೆಕಾಯಿ ಪರಿಷೆ, ಲಾಲ್‌ಬಾಗಿನ ಗಾಜಿನ ಮನೆ, ತಿಗಳರಪೇಟೆಯ ಧರ್ಮರಾಯ ಗುಡಿಯಿಂದ ಹೊರಡುವ ಕರಗ. ಇವೆಲ್ಲ ಉಳಿಯಲೇಬೇಕು, ಅದು ಅವರ ಬದುಕಿನ ದುಡಿಮೆ.

ಆದರೆ ಅವುಗಳ ನಡುವೆ ನಮ್ಮ ಮನೆಯ ಮಕ್ಕಳ ಚಿತ್ರಗಳೂ ಇವೆ. ಕಡತದೊಳಗೆ ಉಳಿದಿರುವ ಜಿಪಿಎಸ್ ಮಾಹಿತಿಯಿಂದಾಗಿ, ನಕ್ಷೆಯಲ್ಲಿ ಮಲ್ಲೇಶ್ವರದ ನಮ್ಮ ಮನೆಯೇ ಕಾಣಿಸುತ್ತದೆ. ನನಗೆ ನಿದ್ದೆ ಕೆಡಿಸಿರುವುದು ಇದೇ.

ಪಾಸ್‌ವರ್ಡ್ ನಮಗೆ ಗೊತ್ತಿಲ್ಲ. ಅದನ್ನು ಬದಲಿಸುವ ಕೊಂಡಿ ಅವರ ಹಳೆಯ ಇಮೇಲ್‌ಗೆ ಹೋಗುತ್ತದೆ, ಆ ಮೊಬೈಲ್ ಸಂಖ್ಯೆಯೂ ಈಗ ಚಾಲ್ತಿಯಲ್ಲಿಲ್ಲ. ಮರಣ ಪ್ರಮಾಣಪತ್ರ ಕೊಟ್ಟರೆ ಇಡೀ ಖಾತೆಯನ್ನೇ ಅಳಿಸುತ್ತೇವೆ ಎಂದು ಜಾಲತಾಣದವರು ಉತ್ತರಿಸಿದ್ದಾರೆ. ಅದಕ್ಕೆ ನಾನು ಒಪ್ಪಲಾರೆ.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ತಾಣಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರಗಳನ್ನು ಪ್ರಕಟಿಸಬೇಕು. ಆ ಅಧಿಕಾರಿಗೆ ಬರೆದು, ಆಯ್ದ ಚಿತ್ರಗಳನ್ನಷ್ಟೇ ತೆಗೆಸಿದವರು ಇಲ್ಲಿ ಯಾರಾದರೂ ಇದ್ದೀರಾ? ಪ್ರತಿ ಚಿತ್ರದ ಕೊಂಡಿಯನ್ನೂ ಬೇರೆಬೇರೆಯಾಗಿ ಕೊಡಬೇಕೇ? ಮಕ್ಕಳ ತಾಯಿಯಾಗಿ ನಾನೇ ದೂರು ಕೊಟ್ಟರೆ ಸಾಕೇ, ಅಥವಾ ವಾರಸುದಾರರ ಪತ್ರ ಕೇಳುತ್ತಾರೆಯೇ?

ತಂದೆಯವರು ಚಿತ್ರಗಳಿಗೆ ಕೊಟ್ಟಿದ್ದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ (ಷರತ್ತುಗಳಿಗೆ ಒಳಪಟ್ಟು ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಅನುಮತಿ) ಈಗಾಗಲೇ ಬೇರೆಯವರು ಬಳಸಿಕೊಂಡ ಪ್ರತಿಗಳಿಗೆ ಆ ಅನುಮತಿಯನ್ನು ಹಿಂಪಡೆಯಲಾಗದು ಎಂಬುದು ಗೊತ್ತು. ಗೂಗಲ್ ಹುಡುಕಾಟದ ಫಲಿತಾಂಶದಿಂದ ತೆಗೆದರೂ ಮೂಲ ತಾಣದಲ್ಲಿ ಚಿತ್ರ ಹಾಗೆಯೇ ಇರುತ್ತದೆ. ಹಾಗಾಗಿ ಮೂಲದಲ್ಲೇ ತೆಗೆಸುವ ದಾರಿ ಬೇಕು. ಬೆಂಗಳೂರಿನಲ್ಲಿ ಇಂಥ ಪ್ರಕರಣ ನೋಡಿರುವ ವಕೀಲರಿದ್ದರೆ ದಯವಿಟ್ಟು ತಿಳಿಸಿ, ಬಂದು ಭೇಟಿಯಾಗುತ್ತೇನೆ.